ಜಿರಳೆಗೆ ಬೇಕಾದ್ದು ನಿಮ್ಮ ಸಿಂಕ್ ಕೆಳಗಿನ ಹನಿ ನೀರು

ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಅಂತ ಕೇಳುತ್ತಿದ್ದವರೆಲ್ಲ ಮಳೆ ಶುರುವಾದ ಕೂಡಲೇ ಜಿರಳೆ, ಇರುವೆ, ಸೊಳ್ಳೆ, ಗೆದ್ದಲು ಅಂತ ಬರೆಯುತ್ತಿದ್ದೀರಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಮನೆಯ ಹುಳುಹುಪ್ಪಟೆಗೇ ಮೀಸಲು. ಹೆಚ್ಚಿನವರು ಕೇಳಿರುವುದು ಒಂದೇ: "ವಿಷ ಬೇಡ, ನೈಸರ್ಗಿಕವಾಗಿ ಹೇಳಿ." ಹೇಳುತ್ತೇನೆ. ಆದರೆ ಕೆಲಸ ಮಾಡದ ಮನೆಮದ್ದನ್ನು ಕೆಲಸ ಮಾಡುತ್ತದೆ ಅಂತ ನನ್ನಿಂದ ಹೇಳಲಾಗದು. ಗಿಡದಿಂದ ಬಂದಿದ್ದೆಲ್ಲ ಮಗುವಿಗೆ ಸುರಕ್ಷಿತ ಅಂತಲೂ ಹೇಳಲಾರೆ. ಕೆಲವು ಕಡೆ ನಿಮ್ಮ ಮನಸ್ಸಿಗೆ ಒಪ್ಪದ ಉತ್ತರ ಇರಬಹುದು, ಪೂರ್ತಿ ಓದಿ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೇವೆ. ಅಡುಗೆಮನೆಯಲ್ಲಿ ಸಣ್ಣ ಸಣ್ಣ ಜಿರಳೆ ಸಿಕ್ಕಾಪಟ್ಟೆ. ರಾತ್ರಿ ಲೈಟು ಹಾಕಿದರೆ ಸ್ಟೌ ಕೆಳಗಿಂದ ಓಡುತ್ತವೆ. ಸೌತೆಕಾಯಿ ಸಿಪ್ಪೆ, ಪಲಾವ್ ಎಲೆ, ಕರ್ಪೂರ, ಅಡುಗೆ ಸೋಡಾ ಎಲ್ಲ ಮಾಡಿ ಆಯ್ತು. ಮೂರು ವರ್ಷದ ಮಗು ಇದೆ, ಸ್ಪ್ರೇ ಹೊಡೆಯಲು ಭಯ.
— ಗೃಹಿಣಿ, ಬೆಂಗಳೂರು

ಉತ್ತರ: ತಂಗಿ, ಮೊದಲು ಒಂದು ಜಿರಳೆಯನ್ನು ಸರಿಯಾಗಿ ನೋಡಿ. ಕಂದು ಬಣ್ಣ, ಒಂದೂವರೆ ಸೆಂಟಿಮೀಟರಿಗಿಂತ ಉದ್ದ ಇಲ್ಲ, ತಲೆಯ ಹಿಂದೆ ಎರಡು ಕಪ್ಪು ಗೆರೆ ಇದೆಯಾ? ಹಾಗಿದ್ದರೆ ಅದು ದೊಡ್ಡ ಜಿರಳೆಯ ಮರಿ ಅಲ್ಲ, ಜಾತಿಯೇ ಬೇರೆ. ಜರ್ಮನ್ ಜಿರಳೆ ಅನ್ನುತ್ತಾರೆ. ದೊಡ್ಡ ಕೆಂಪು ಜಿರಳೆ ಚರಂಡಿ, ಚೇಂಬರುಗಳಿಂದ ಹತ್ತಿ ಬರುವಂಥದ್ದು, ಬಚ್ಚಲ ತೂತಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಈ ಸಣ್ಣದು ಹಾಗಲ್ಲ, ಅದು ನಿಮ್ಮ ಅಡುಗೆಮನೆಯಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ಹೆಣ್ಣು ಒಂದು ಸಣ್ಣ ಚೀಲದಲ್ಲಿ 30ರಿಂದ 40 ಮೊಟ್ಟೆ ಇಟ್ಟುಕೊಂಡು, ಮರಿಯಾಗುವ ಹೊತ್ತಿನವರೆಗೆ ಹೊಟ್ಟೆಗೆ ಅಂಟಿಸಿಕೊಂಡೇ ಓಡಾಡುತ್ತದೆ. ಅದಕ್ಕೇ ನೀವು ಒಂದು ದಿನ ಏನೋ ಮಾಡಿ, ನಾಲ್ಕು ದಿನ ಆರಾಮಾಗಿದ್ದು, ತಿಂಗಳಿಗೆ ಮತ್ತೆ ಅಷ್ಟೇ ಜಿರಳೆ ನೋಡುತ್ತಿರುವುದು.

ಸೌತೆಕಾಯಿ ಸಿಪ್ಪೆಯಿಂದ ಏನೂ ಆಗುವುದಿಲ್ಲ. ಪಲಾವ್ ಎಲೆ, ಕರ್ಪೂರಗಳ ವಾಸನೆಗೆ ಅವು ಆ ಜಾಗ ಬಿಟ್ಟು ಪಕ್ಕದ ಗೂಡಿಗೆ ಹೋಗಬಹುದು, ಸಾಯುವುದಿಲ್ಲ. ಅಡುಗೆ ಸೋಡಾದ ಮೇಲೂ ನನಗೆ ನಂಬಿಕೆ ಇಲ್ಲ.

ಈ ಜಿರಳೆಗೆ ಊಟ ಇಲ್ಲದಿದ್ದರೂ ಬಹಳ ದಿನ ನಡೆಯುತ್ತದೆ, ನೀರಿಲ್ಲದೆ ಎರಡು ವಾರ ಕಳೆಯುವುದೇ ಕಷ್ಟ. ಈಗ ಸಿಂಕ್ ಕೆಳಗಿನ ಬಾಗಿಲು ತೆಗೆದು ಕೈ ಹಾಕಿ ನೋಡಿ. ಪೈಪಿನ ಕೀಲು ಒದ್ದೆ ಇರುತ್ತದೆ, ಬಹುತೇಕ ಮನೆಗಳಲ್ಲಿ ಇರುತ್ತದೆ. ನೀರಿನ ಫಿಲ್ಟರಿನ ಕೆಳಗೆ, ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ, ರಾತ್ರಿ ನೆನೆಹಾಕಿದ ಪಾತ್ರೆಯಲ್ಲಿ, ಒದ್ದೆ ಒರೆಸುವ ಬಟ್ಟೆಯಲ್ಲಿ ನೀರಿದೆ. ಮೊದಲು ಪ್ಲಂಬರನ್ನು ಕರೆಸಿ ಆ ಸೋರಿಕೆ ನಿಲ್ಲಿಸಿ. ರಾತ್ರಿ ಮಲಗುವ ಮುಂಚೆ ಸಿಂಕನ್ನು ಒಣಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಹೊರಗೆ ಬಾಲ್ಕನಿಯಲ್ಲಿ ಹರವಿ. ಗ್ಯಾಸ್ ಸ್ಟೌ ಎತ್ತಿ ಅದರ ಕೆಳಗಿನ ಜಿಡ್ಡು ತೆಗೆಯಿರಿ. ಆನ್‌ಲೈನಿನಲ್ಲಿ ತರಿಸಿದ ಸಾಮಾನಿನ ರಟ್ಟಿನ ಡಬ್ಬಗಳನ್ನು ಅಡುಗೆಮನೆಯಲ್ಲಿ ಕೂಡಿಡಬೇಡಿ, ಜಿರಳೆ ಮನೆ ಸೇರುವ ದಾರಿಗಳಲ್ಲಿ ಅದೂ ಒಂದು, ಜೊತೆಗೆ ಆ ರಟ್ಟಿನ ಪದರಗಳಲ್ಲಿ ಅವು ಸುಖವಾಗಿ ಅಡಗುತ್ತವೆ.

ಇಷ್ಟು ಮಾಡಿ ಆಮೇಲೆ ಕೊಲ್ಲುವ ಮಾತು. ಕಣ್ಣೆದುರು ಕಂಡ ಜಿರಳೆಗೆ ಸೋಪಿನ ನೀರು ಸಾಕು. ಅದರ ಮೈಮೇಲಿನ ಉಸಿರಾಟದ ಸಣ್ಣ ತೂತುಗಳು ಮುಚ್ಚಿಹೋಗಿ ಸಾಯುತ್ತದೆ. ಹಳೇ ಜಾಮ್ ಬಾಟಲಿ ಇದ್ದರೆ ಒಳಗೆ ಬಾಳೆಹಣ್ಣಿನ ಸಿಪ್ಪೆ ಹಾಕಿ, ಬಾಯಿಯ ಒಳಸುತ್ತಿಗೆ ಎಣ್ಣೆ ಸವರಿ, ಸಂಜೆ ಮೂಲೆಯಲ್ಲಿಡಿ. ಬಿದ್ದದ್ದು ಹತ್ತಲಾರದು. ಬೆಳಿಗ್ಗೆ ಸೋಪಿನ ನೀರು ಹುಯ್ಯಿರಿ. ಎಲ್ಲಿಟ್ಟ ಬಾಟಲಿಗೆ ಜಾಸ್ತಿ ಬಿದ್ದಿವೆಯೋ ಅವುಗಳ ಮನೆ ಅಲ್ಲೇ ಹತ್ತಿರ ಇದೆ ಅಂತ ತಿಳಿಯಿರಿ.

ಎಲ್ಲರೂ ಹೇಳುವ ಬೋರಿಕ್ ಪುಡಿ, ಅದೇ ಕೇರಂ ಬೋರ್ಡಿಗೆ ಹಾಕುವ ಪುಡಿ, ನಿಜಕ್ಕೂ ಕೆಲಸ ಮಾಡುತ್ತದೆ. ಜಿರಳೆಯ ಕಾಲಿಗೆ ಅಂಟಿ, ಅದು ಕಾಲು ನೆಕ್ಕಿ ಶುಚಿ ಮಾಡಿಕೊಳ್ಳುವಾಗ ಹೊಟ್ಟೆಗೆ ಹೋಗುತ್ತದೆ. ಗೋಧಿಹಿಟ್ಟು ಮೂರು ಭಾಗ, ಸಕ್ಕರೆ ಒಂದು ಭಾಗ, ಬೋರಿಕ್ ಒಂದು ಭಾಗ ಕಲಸಿ ಕಡಲೆಕಾಳು ಗಾತ್ರದ ಉಂಡೆ ಮಾಡುತ್ತಾರೆ. ಆದರೆ ಇದನ್ನು ನೈಸರ್ಗಿಕ ಅಂತ ತಿಳಿದು ಕೈಗೆಟುಕುವಲ್ಲಿ ಇಡಬೇಡಿ. ಮಗು ತಿಂದರೆ ಅದು ವಿಷವೇ, ಮೇಲಿಂದ ಸಿಹಿ ಬೇರೆ. ನಿಮ್ಮ ಮನೆಯಲ್ಲಿ ಮೂರು ವರ್ಷದ ಮಗು ಇರುವುದರಿಂದ ನನ್ನ ಸಲಹೆ ಇಷ್ಟು: ಉಂಡೆ ಬೇಡವೇ ಬೇಡ. ತೆಳ್ಳಗೆ ಪುಡಿಯನ್ನು ಸ್ವಿಚ್ ಬೋರ್ಡಿಗಿಂತ ಎತ್ತರದ ಬಿರುಕು, ಗೋಡೆಗೆ ಹೊಡೆದ ಕಬೋರ್ಡಿನ ಹಿಂದಿನ ಸಂದು, ಇಂಥ ಕಡೆ ಮಾತ್ರ ಊದಿ. ದಪ್ಪಗೆ ಸುರಿದರೆ ಜಿರಳೆ ಸುತ್ತಿ ಹೋಗುತ್ತದೆ. ಮೂರು ತಿಂಗಳಾದರೂ ಹಿಡಿದ ಕೆಲಸ ಬಿಡಬೇಡಿ, ಯಾಕೆಂದರೆ ಇವತ್ತಿನ ಮರಿ ದೊಡ್ಡದಾಗಲು ಎರಡು ಮೂರು ತಿಂಗಳು ಬೇಕು. ಅಕ್ಕಪಕ್ಕದ ಮನೆಯವರ ಜೊತೆಗೂ ಮಾತಾಡಿ. ಪೈಪು ಹೋಗುವ ದೊಡ್ಡ ತೂತು ಎಲ್ಲರ ಅಡುಗೆಮನೆಗೂ ಒಂದೇ, ಅಲ್ವಾ?

ಪ್ರಶ್ನೆ: ಅಕ್ಕಿ, ತೊಗರಿಬೇಳೆ, ಹೆಸರುಕಾಳು ಎಲ್ಲದಕ್ಕೂ ಹುಳು ಬೀಳುತ್ತಿದೆ. ಡಬ್ಬಿ ತೊಳೆದು ಒಣಗಿಸಿ ಹಾಕಿದರೂ ಅಷ್ಟೇ. ನಮ್ಮ ಅತ್ತೆಯವರು ಅಕ್ಕಿಗೆ ಬೋರಿಕ್ ಪುಡಿ ಉಜ್ಜಿ ಇಡು ಅನ್ನುತ್ತಾರೆ. ಮಾಡಬಹುದೇ?
— ಗೃಹಿಣಿ, ತಿಪಟೂರು

ಉತ್ತರ: ಬೇಡಮ್ಮ. ಅತ್ತೆಯವರು ಹೇಳಿದ್ದು ಅವರ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಮಾಡುತ್ತಿದ್ದದ್ದೇ, ಅವರ ಮೇಲೆ ಬೇಜಾರು ಬೇಡ. ಆದರೆ ಬೋರಿಕ್ ಪುಡಿ ಎಷ್ಟು ತೊಳೆದರೂ ಪೂರ್ತಿ ಹೋಯಿತು ಅಂತ ಹೇಳಲಾಗದು, ಊಟದ ಪದಾರ್ಥಕ್ಕೆ ಬೆರೆಸಲು ಅದಕ್ಕೆ ಅನುಮತಿಯೂ ಇಲ್ಲ. ಅದಕ್ಕಿಂತ ಭಯದ ಮಾತು ಒಂದಿದೆ. ಗೋದಾಮುಗಳಲ್ಲಿ ಬಳಸುವ ಗುಳಿಗೆಯನ್ನು ಕೆಲವರು ಮನೆಯ ಅಕ್ಕಿ ಮೂಟೆಗೂ ಹಾಕಿಡುತ್ತಾರೆ. ಅದರಿಂದ ಬರುವ ಗಾಳಿಯೇ ಪ್ರಾಣ ತೆಗೆಯುತ್ತದೆ. ಮನೆಯೊಳಗೆ, ಮಲಗುವ ಕೋಣೆಯಲ್ಲಂತೂ, ಯಾವ ಕಾರಣಕ್ಕೂ ತರಬೇಡಿ. ಅಂಗಡಿಯಲ್ಲಿ ಸಿಗುವ ಪಾದರಸದ ಗುಳಿಗೆಯೂ ಬೇಡ.

ಡಬ್ಬಿ ತೊಳೆದರೂ ಹುಳು ಬರುತ್ತದೆ ಅಂದಿರಿ. ತಪ್ಪು ಡಬ್ಬಿಯದಲ್ಲ. ಸೊಂಡಿಲಿರುವ ಆ ಸಣ್ಣ ಕಪ್ಪು ಹುಳು ಅಕ್ಕಿಕಾಳನ್ನು ಕೊರೆದು, ಒಳಗೆ ಒಂದು ಮೊಟ್ಟೆ ಇಟ್ಟು, ಮೇಲೆ ಅಂಟು ಹಚ್ಚಿ ಮುಚ್ಚಿಬಿಡುತ್ತದೆ. ನಿಮ್ಮ ಕಣ್ಣಿಗೆ ಅಕ್ಕಿ ಚೆನ್ನಾಗೇ ಕಾಣುತ್ತದೆ. ಒಂದು ತಿಂಗಳಿಗೆ ಒಳಗಿಂದ ಹುಳು ಹೊರಬರುತ್ತದೆ. ಅಂದರೆ ಅಂಗಡಿಯಿಂದ ಮೂಟೆ ತಂದ ದಿನವೇ ಹುಳು ಮನೆಗೆ ಬಂದಿದೆ.

ಹಾಗಾಗಿ ಮೊದಲ ಉಪಾಯ ಕಡಿಮೆ ತರುವುದು. ತಿಂಗಳಿಗೆ ಎಷ್ಟು ಬೇಕೋ ಅಷ್ಟೇ. ಇಬ್ಬರೇ ಇರುವ ಮನೆಗೆ 25 ಕಿಲೋ ಮೂಟೆ ಯಾಕೆ? ರವೆ, ಮೈದಾ, ಕಡಲೆಹಿಟ್ಟುಗಳನ್ನು ತಂದ ಕೂಡಲೇ ಪೊಟ್ಟಣ ಸಮೇತ ನಾಲ್ಕು ದಿನ ಫ್ರೀಜರಿನಲ್ಲಿಟ್ಟು, ಹೊರಗೆ ತೆಗೆದ ಮೇಲೆ ಪೊಟ್ಟಣದ ಮೇಲಿನ ಪಸೆ ಆರಿದ ನಂತರ ಡಬ್ಬಿಗೆ ಹಾಕಿ. ಮೊಟ್ಟೆಯೂ ಸಾಯುತ್ತದೆ. ರವೆಯನ್ನು ಹುರಿದಿಟ್ಟರೂ ಸರಿಯೇ, ನಮ್ಮಮ್ಮ ಹಾಗೇ ಮಾಡುತ್ತಿದ್ದದ್ದು.

ಬೇಳೆಕಾಳಿಗೆ ಹರಳೆಣ್ಣೆ. ಇದಕ್ಕಿಂತ ಒಳ್ಳೆಯದು ನನಗೆ ಇವತ್ತಿಗೂ ಸಿಕ್ಕಿಲ್ಲ. ಒಂದು ಕಿಲೋ ಬೇಳೆಗೆ ಒಂದು ಟೀ ಚಮಚ, ಎರಡು ಕೈಯಲ್ಲೂ ಚೆನ್ನಾಗಿ ಉಜ್ಜಬೇಕು, ಒಂದೊಂದು ಕಾಳೂ ಮಿನುಗಬೇಕು. ಹೆಸರುಕಾಳಿನ ಮೇಲೆ ಬಿಳಿ ಚುಕ್ಕೆ ನೋಡಿದ್ದೀರಾ? ಅದು ಕಾಳಿನ ಹುಳುವಿನ ಮೊಟ್ಟೆ. ಎಣ್ಣೆ ಸವರಿದ ಕಾಳಿನ ಮೇಲೆ ಆ ಮೊಟ್ಟೆಗೆ ಉಳಿಗಾಲ ಇಲ್ಲ. ಬೇಯಿಸುವ ಮುಂಚೆ ಬಿಸಿನೀರಿನಲ್ಲಿ ತೊಳೆದರೆ ಸಾಕು. ಎಣ್ಣೆ ಹಚ್ಚುವ ಮುಂಚೆ ಎರಡು ದಿನ ಬೇಳೆಯನ್ನು ಬಿಸಿಲಿಗೆ ಹಾಕಿ. ಅಕ್ಕಿಯನ್ನು ಮಾತ್ರ ಸುಡುಬಿಸಿಲಿಗೆ ಹಾಕಬೇಡಿ, ಕಾಳು ಬಿರಿದು ಅನ್ನ ಮುದ್ದೆಯಾಗುತ್ತದೆ. ಮೊರದಲ್ಲಿ ಕೇರಿ, ನೆರಳಲ್ಲಿ ತೆಳ್ಳಗೆ ಹರವಿ, ಹುಳು ತಾನಾಗಿ ಹರಿದು ಹೋಗುತ್ತದೆ. ಆಮೇಲೆ ಗಾಳಿಯಾಡದ ಡಬ್ಬಿ.

ಬೇವಿನ ಎಲೆ, ಲಕ್ಕಿ ಸೊಪ್ಪು, ಒಣಮೆಣಸಿನಕಾಯಿ, ಲವಂಗ ಇವುಗಳ ವಾಸನೆ ಹೊರಗಿನ ಹುಳುವನ್ನು ಸ್ವಲ್ಪ ದೂರ ಇಡುತ್ತದೆ, ಕಾಳಿನೊಳಗೆ ಆಗಲೇ ಇರುವ ಹುಳುವಿಗೆ ಏನೂ ಮಾಡದು. ಹಾಕುವುದಾದರೆ ಎಲೆ ಗರಿಗರಿ ಒಣಗಿರಲಿ. ಹಸಿ ಎಲೆ ಹಾಕಿ ಅಕ್ಕಿಗೆ ಬೂಷ್ಟು ಹಿಡಿಸಿದವರ ಪತ್ರಗಳೂ ನನ್ನ ಹತ್ತಿರ ಇವೆ.

ನಿಮ್ಮ ಸೀಮೆಯಲ್ಲಿ ಹಿರಿಯರನ್ನು ಕೇಳಿ, ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ರಾಗಿಕಾಳು ತೀರಾ ಸಣ್ಣದು, ಆ ಸೊಂಡಿಲ ಹುಳು ಅದರೊಳಗೆ ಬೆಳೆಯಲಾರದು. ಮೇಲಾಗಿ ಹಗೇವಿನೊಳಗೆ ಉಸಿರಾಡುವ ಗಾಳಿ ಉಳಿಯುತ್ತಿರಲಿಲ್ಲ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಮೊದಲು ದೀಪ ಇಳಿಬಿಟ್ಟು ಆರುತ್ತದೋ ಉರಿಯುತ್ತದೋ ನೋಡುತ್ತಿದ್ದರು. ನಿಮ್ಮ ಬಿಗಿಮುಚ್ಚಳದ ಡಬ್ಬಿ ಮಾಡುವುದೂ ಅದೇ ಕೆಲಸ. ಡಬ್ಬಿಯನ್ನು ಅಂಚಿನವರೆಗೆ ತುಂಬಿ, ಅರ್ಧ ಖಾಲಿ ಇಟ್ಟರೆ ಹುಳುವಿಗೆ ಗಾಳಿ ಬಿಟ್ಟಂತೆ.

ಪ್ರಶ್ನೆ: ಅಜ್ಜನ ಕಾಲದ ಮನೆ. ಹಿಂಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿದೆ. ಬೇವಿನೆಣ್ಣೆ ಹಚ್ಚಿದೆವು, ಹದಿನೈದು ದಿನಕ್ಕೆ ಪುನಃ ಮಣ್ಣು ಕಟ್ಟಿದೆ. ಗೇರೆಣ್ಣೆ ಹಚ್ಚಿ ಎಂದು ಒಬ್ಬರು ಹೇಳಿದರು.
— ಓದುಗರು, ಉಡುಪಿ ಜಿಲ್ಲೆ

ಉತ್ತರ: ಚೌಕಟ್ಟಿನಲ್ಲಿ ನೀವು ನೋಡುತ್ತಿರುವುದು ಕೆಲಸದಾಳುಗಳನ್ನು ಮಾತ್ರ. ರಾಣಿ ನೆಲದೊಳಗಿದೆ, ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತಿದೆ. ಮೇಲೆ ಎಷ್ಟು ಎಣ್ಣೆ ಹಚ್ಚಿದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಗೆದ್ದಲಿನ ಮೈ ಮೆತ್ತಗೆ, ಗಾಳಿಗೆ ಬಿದ್ದರೆ ಒಣಗಿ ಸಾಯುತ್ತದೆ, ಅದಕ್ಕೇ ಆ ಮಣ್ಣಿನ ಸುರಂಗ ಕಟ್ಟಿಕೊಂಡು ಓಡಾಡುವುದು. ಹಾಗಾಗಿ ಮಣ್ಣಿನಿಂದ ಮರಕ್ಕೆ ಇರುವ ದಾರಿ ಕಡಿಯಬೇಕು, ಪಸೆ ತೆಗೆಯಬೇಕು. ಸುರಂಗ ಪೂರ್ತಿ ಕೆರೆದು ತೆಗೆಯಿರಿ, ಅದು ನೆಲದ ಯಾವ ಬಿರುಕಿನಿಂದ ಎದ್ದಿದೆ ಹುಡುಕಿ, ಅಲ್ಲಿ ಸಿಮೆಂಟು ತುಂಬಿಸಿ. ಹಿಂಬಾಗಿಲಿಗೆ ಸೂರಿನ ನೀರು ಎರಚುತ್ತಿದೆಯೇ? ಗೋಡೆಗೆ ತಾಗಿಸಿ ಸೌದೆ, ಮಡಲು, ತೆಂಗಿನಸಿಪ್ಪೆ ರಾಶಿ ಹಾಕಿದ್ದೀರಾ? ಇದ್ದರೆ ಇವತ್ತೇ ದೂರ ಸರಿಸಿ. ಹಳೇ ಮನೆಗಳ ಜಗಲಿ ಕಂಬ ನೋಡಿ, ಮರ ನೆಲಕ್ಕೆ ತಾಗುವುದಿಲ್ಲ, ಕೆಳಗೆ ಕಲ್ಲಿನ ಪೀಠ ಇರುತ್ತದೆ. ನಂತರ ರಿಪೇರಿ ಮಾಡಿಸುವಾಗ ಎಷ್ಟೋ ಜನ ಆ ಕಲ್ಲು ತೆಗೆಸಿ ಮರವನ್ನೇ ನೆಲಕ್ಕೆ ಊರಿಸುತ್ತಾರೆ, ಅಥವಾ ಟೈಲ್ಸ್ ಹಾಕಿಸಿ ನೆಲ ಎತ್ತರಿಸಿ ಮುಚ್ಚಿಬಿಡುತ್ತಾರೆ. ಅಲ್ಲಿಂದಲೇ ಗೆದ್ದಲು ಏರುತ್ತದೆ.

ಗೇರೆಣ್ಣೆ ಒಳ್ಳೆಯದೇ. ನಿಮ್ಮ ಕಡೆ ದೋಣಿಗೆ ಹಚ್ಚುತ್ತಿದ್ದದ್ದು ಸುಮ್ನೆ ಅಲ್ಲ. ಆದರೆ ಅದು ಗೇರುಬೀಜದ ಸಿಪ್ಪೆಯ ಎಣ್ಣೆ, ಚರ್ಮಕ್ಕೆ ತಾಗಿದರೆ ಸುಟ್ಟಂತೆ ಗುಳ್ಳೆ ಏಳುತ್ತದೆ. ಗ್ಲೌಸ್ ಹಾಕದೆ ಮುಟ್ಟಬೇಡಿ, ಮಕ್ಕಳು ಕೈ ಇಡುವ ಬಾಗಿಲಿಗೆ ಹಚ್ಚಬೇಡಿ. ಮಾಡಿಗೆ, ಅಟ್ಟದ ತೊಲೆಗೆ ಸರಿ. ಒಂದು ಪಕ್ಷ ಮಣ್ಣು ಇಲ್ಲದೆ, ಸಣ್ಣ ಸಣ್ಣ ತೂತಿನಿಂದ ಒಣಪುಡಿ ಮಾತ್ರ ಉದುರುತ್ತಿದ್ದರೆ ಅದು ಹೆಚ್ಚಾಗಿ ಗೆದ್ದಲಲ್ಲ, ಮರ ಕೊರೆಯುವ ಕುಟ್ಟೆ ಹುಳು. ಅದಕ್ಕೆ ದಾರಿ ಬೇರೆ.

ಇಷ್ಟೆಲ್ಲ ಮಾಡಿಯೂ ಸುರಂಗ ಮತ್ತೆ ಬಂದರೆ ಹಟ ಮಾಡಬೇಡಿ. ಬಲ್ಲವರನ್ನು ಕರೆಸಿ ನೆಲಕ್ಕೆ ಮದ್ದು ಹಾಕಿಸಿ. ಬಾವಿ ಹತ್ತಿರ ಇದ್ದರೆ ಅದನ್ನು ಅವರಿಗೆ ಮೊದಲೇ ಹೇಳಿ, ಮದ್ದು ನೀರಿಗೆ ಇಳಿಯಬಾರದು.

ಪ್ರಶ್ನೆ: ದೇವರಮನೆಯ ನೈವೇದ್ಯದಿಂದ ಹಿಡಿದು ಸಕ್ಕರೆ ಡಬ್ಬಿವರೆಗೂ ಇರುವೆ. ಸೀಮೆಸುಣ್ಣದ ಗೆರೆ ಎಳೆದರೆ ಎರಡು ದಿನ ಬರುವುದಿಲ್ಲ, ಆಮೇಲೆ ಮತ್ತೆ ಬರುತ್ತವೆ. ಅರಿಶಿನ ಹಾಕಬಹುದೇನ್ರಿ?
— ಓದುಗರು, ಹುಬ್ಬಳ್ಳಿ

ಉತ್ತರ: ಆ ಇರುವೆ ಸೀಮೆಸುಣ್ಣ ಬಳಪದ ಹಾಗೆ ಕಂಡರೂ ಅದರಲ್ಲಿರುವುದು ಕೀಟನಾಶಕ. ಅಡುಗೆಕಟ್ಟೆ ಮೇಲೆ, ದೇವರಮನೆಯಲ್ಲಿ ಪ್ರಸಾದದ ಪಕ್ಕ ಅದನ್ನು ಗೀಚುವುದು ನನಗಂತೂ ಸರಿ ಕಾಣುವುದಿಲ್ಲ. ಮಕ್ಕಳು ಬಳಪ ಅಂತ ಬಾಯಿಗೂ ಹಾಕಿಕೊಳ್ಳುತ್ತಾರೆ.

ಇರುವೆ ಸಾಲಾಗಿ ಬರುವುದು ಮುಂದಿನ ಇರುವೆ ಬಿಟ್ಟ ವಾಸನೆಯ ಗೆರೆ ಹಿಡಿದು. ನೀವು ಇರುವೆಗಳನ್ನು ಕೈಯಲ್ಲಿ ಒರೆಸಿ ಹಾಕಿದರೂ ಗೆರೆ ಅಲ್ಲೇ ಇರುತ್ತದೆ, ಅರ್ಧಗಂಟೆಗೆ ಹೊಸ ಸಾಲು. ಸೋಪಿನ ನೀರು ಅಥವಾ ವಿನಿಗರ್ ಹಾಕಿದ ಬಟ್ಟೆಯಿಂದ ಸಾಲು ಶುರುವಾದ ಕಡೆಯಿಂದ ಕೊನೆವರೆಗೆ ಉಜ್ಜಿ ಒರೆಸಿ. ಗೋಡೆಯಿಂದ ಹೊರಬರುವ ತೂತು ಮುಚ್ಚಿ. ಅರಿಶಿನ ಹಾಕಬಹುದು, ದಾಟಲು ಹಿಂಜರಿಯುತ್ತವೆ, ಆದರೆ ಪಕ್ಕದಿಂದ ಸುತ್ತಿ ಬರುತ್ತವೆ. ತೂತಿನ ಬಾಯಿಗೇ ಒತ್ತಿ ತುಂಬಿದರೆ ಮಾತ್ರ ಉಪಯೋಗ.

ನಮ್ಮ ಅಜ್ಜಿ ಮನೆಯಲ್ಲಿ ಹಾಲು ಮೊಸರು ಇಡುವ ಬೀರುವಿನ ನಾಲ್ಕು ಕಾಲಿಗೂ ಕಲ್ಲಿನ ಬಟ್ಟಲು, ಅದರಲ್ಲಿ ನೀರು. ಇವತ್ತಿಗೂ ಇದನ್ನು ಮೀರಿಸುವಂಥದ್ದಿಲ್ಲ. ಸಕ್ಕರೆ ಡಬ್ಬಿಯನ್ನು ನೀರು ಹಾಕಿದ ತಟ್ಟೆಯಲ್ಲಿಟ್ಟರೂ ಅದೇ. ಒಂದು ಮಾತು ಮರೆಯಬೇಡಿ, ಆ ನೀರನ್ನು ವಾರಕ್ಕೆ ಎರಡು ಸಲ ಚೆಲ್ಲಿ, ಬಟ್ಟಲು ಉಜ್ಜಿ, ಹೊಸ ನೀರಿಗೆ ಎರಡು ಹನಿ ಸೋಪು ಹಾಕಿ. ಇಲ್ಲದಿದ್ದರೆ ಇರುವೆ ತಪ್ಪಿಸಲು ಹೋಗಿ ಸೊಳ್ಳೆ ಸಾಕಿದ ಹಾಗಾಗುತ್ತದೆ.

ಪ್ರಶ್ನೆ: ಸಂಜೆ ಬೇವಿನೆಲೆ ಹೊಗೆ ಹಾಕುತ್ತೇವೆ, ನಿಂಬೆಹಣ್ಣಿಗೆ ಲವಂಗ ಚುಚ್ಚಿ ಇಡುತ್ತೇವೆ, ಕಿಟಕಿಗೆ ಮೆಶ್ ಇದೆ. ಆದರೂ ನಮ್ಮ ಬೀದಿಯಲ್ಲಿ ಮೂರು ಮನೆಗೆ ಡೆಂಗಿ ಬಂತು. ನನ್ನ ಮೊಮ್ಮಗಳು ಕೈಗೂಸು. ದಯವಿಟ್ಟು ದಾರಿ ಹೇಳಿ.
— ಅಜ್ಜಿ, ಶಿವಮೊಗ್ಗ

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಸಂಕಟವಾಯಿತು. ಮೊದಲು ಹೊಗೆ ನಿಲ್ಲಿಸಿ. ಬೇವಿನದಾದರೂ ಹೊಗೆ ಹೊಗೆಯೇ, ಕೂಸಿನ ಎಳೇ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕಾಯಿಲ್ ಬತ್ತಿಯೂ ಬೇಡ. ಲವಂಗದ ನಿಂಬೆಹಣ್ಣು ನೋಡಲು ಚಂದ, ಅಷ್ಟೇ.

ಡೆಂಗಿ ಸೊಳ್ಳೆ ಹಗಲು ಕಚ್ಚುತ್ತದೆ. ನೀವು ಸಂಜೆ ಹೊಗೆ ಹಾಕಿ, ರಾತ್ರಿ ಪರದೆ ಕಟ್ಟುವ ಹೊತ್ತಿಗೆ ಅದು ತನ್ನ ಕೆಲಸ ಮುಗಿಸಿರುತ್ತದೆ. ಕೂಸು ಹಗಲು ಮಲಗುವ ತೊಟ್ಟಿಲಿಗೂ ಪರದೆ ಹಾಕಿ, ಇದು ಎಲ್ಲಕ್ಕಿಂತ ಮುಖ್ಯ. ಕೂಸಿನ ಮೈಗೆ ಬೇವಿನೆಣ್ಣೆ, ಕರ್ಪೂರದ ಎಣ್ಣೆ ಏನನ್ನೂ ಹಚ್ಚಬೇಡಿ. ದೊಡ್ಡವರು ಕೊಬ್ಬರಿ ಎಣ್ಣೆಗೆ ಸ್ವಲ್ಪ ಬೇವಿನೆಣ್ಣೆ ಬೆರೆಸಿ ಕೈಕಾಲಿಗೆ ಹಚ್ಚಿಕೊಳ್ಳಬಹುದು, ಕೆಲವು ಹೊತ್ತು ತಡೆಯುತ್ತದೆ. ಕೈಗೂಸಿಗೆ ಬಟ್ಟೆ ಮತ್ತು ಪರದೆ ಮಾತ್ರ.

ಈ ಸೊಳ್ಳೆ ಚರಂಡಿಯ ಕೊಳಕು ನೀರಿಗಿಂತ ಮನೆಯ ಆಸುಪಾಸಿನ ತಿಳಿನೀರನ್ನೇ ಇಷ್ಟಪಡುತ್ತದೆ. ಡ್ರಮ್ಮು, ಸಂಪು, ಹೂಕುಂಡದ ತಟ್ಟೆ, ಮನಿ ಪ್ಲಾಂಟ್ ಬಾಟಲಿ, ತೆಂಗಿನ ಚಿಪ್ಪು, ಮಾಳಿಗೆ ಮೇಲಿನ ಹಳೇ ಟೈರು, ಫ್ರಿಜ್ಜಿನ ಹಿಂದಿನ ತಟ್ಟೆ. ನಿಮ್ಮ ಊರಿನಲ್ಲಿ ಅಡಿಕೆ ಹಾಳೆ, ಮುರಿದ ಬಕೆಟ್ಟು ಎಲ್ಲ ಹಿತ್ತಲಲ್ಲಿ ಬಿದ್ದಿರುತ್ತವೆ, ಒಂದು ಮಳೆಗೆ ತುಂಬಿಕೊಳ್ಳುತ್ತವೆ. ಮೊಟ್ಟೆ ಇಟ್ಟು ಏಳರಿಂದ ಹತ್ತು ದಿನಕ್ಕೆ ಸೊಳ್ಳೆ ಹಾರುತ್ತದೆ. ಹಾಗಾಗಿ ವಾರಕ್ಕೊಂದು ದಿನ, ಭಾನುವಾರ ಅಂತಿಟ್ಟುಕೊಳ್ಳಿ, ಎಲ್ಲ ನೀರು ಚೆಲ್ಲಿ ಪಾತ್ರೆಯ ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು. ಬರೀ ಚೆಲ್ಲಿದರೆ ಸಾಲದು. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಬಿದ್ದ ಕೂಡಲೇ ಮರಿಯಾಗುತ್ತದೆ. ಖಾಲಿ ಮಾಡಲಾಗದ ತೊಟ್ಟಿ, ಬಾವಿಗೆ ಗಪ್ಪಿ ಮೀನು ಬಿಡಿ, ಆರೋಗ್ಯ ಇಲಾಖೆಯವರನ್ನು ವಿಚಾರಿಸಿ ನೋಡಿ.

ಇದು ಹೊಸ ಬುದ್ಧಿವಾದವೇನೂ ಅಲ್ಲ. 1883ರಲ್ಲಿ ರೊನಾಲ್ಡ್ ರಾಸ್ ಅನ್ನುವ ಯುವ ವೈದ್ಯರು ಬೆಂಗಳೂರಿನ ದಂಡಿಗೆ ಬಂದಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಓಡಾಡುವುದು ನೋಡಿ ಅದನ್ನು ಮಗುಚಿ ಹಾಕಿದರು, ಸೊಳ್ಳೆ ಇಳಿಯಿತು. ಅದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟು ಕಂಡುಹಿಡಿದು, 1902ರಲ್ಲಿ ನೊಬೆಲ್ ಪಡೆದರು. ಅವತ್ತು ಮಾಡಿದ ಕೆಲಸಕ್ಕೆ ಮದ್ದು ಬೇಕಾಗಿರಲಿಲ್ಲ, ಹೊಗೆಯೂ ಬೇಕಾಗಿರಲಿಲ್ಲ.

ಆದರೆ ನಿಮ್ಮೊಬ್ಬರ ಮನೆ ಶುಚಿಯಾದರೆ ಸಾಲದಮ್ಮ. ಪಕ್ಕದ ಖಾಲಿ ಸೈಟು, ಕಟ್ಟುತ್ತಿರುವ ಮನೆಯ ಕ್ಯೂರಿಂಗ್ ನೀರು, ಅದೂ ನಿಮ್ಮದೇ ಸೊಳ್ಳೆ. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ಅಂತಲೂ ಮಾಡಿತು. ಸಂಕೋಚ ಬಿಟ್ಟು ಅವರಿಗೆ ಹೇಳಿ. ಮನೆಯಲ್ಲಿ ಯಾರಿಗೇ ಜ್ವರ ಬಂದರೂ ಮನೆಮದ್ದು ಮಾಡುತ್ತ ಕೂರದೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಪಿಜಿಯಲ್ಲಿದ್ದೇನೆ. ಮಂಚದಲ್ಲಿ ತಿಗಣೆ. ಸ್ನೇಹಿತೆ ಸೀಮೆಎಣ್ಣೆ ಹಚ್ಚು ಅಂದಳು. ಯಾರಿಗೂ ಹೇಳಲು ನಾಚಿಕೆ.
— ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ನಾಚಿಕೆ ಯಾಕೆ ಮಗಳೇ? ತಿಗಣೆ ಕೊಳಕಿಗೆ ಬರುವುದಲ್ಲ, ಬ್ಯಾಗಿನಲ್ಲಿ, ಬಸ್ಸಿನ ಸೀಟಿನಲ್ಲಿ, ಹಳೇ ಮಂಚದಲ್ಲಿ ಕೂತು ಬರುತ್ತದೆ. ಸೀಮೆಎಣ್ಣೆ ಖಂಡಿತ ಬೇಡ, ಬೆಂಕಿಯ ಅಪಾಯ. ಬೇವಿನ ಸೊಪ್ಪು ಹಾಸಿಗೆ ಕೆಳಗಿಟ್ಟರೆ ಅದಕ್ಕೆ ಲೆಕ್ಕವೇ ಇಲ್ಲ. ತಿಗಣೆಗೆ ಶತ್ರು ಬಿಸಿ. 50 ಡಿಗ್ರಿ ದಾಟಿದರೆ ಅದೂ ಸಾಯುತ್ತದೆ, ಮೊಟ್ಟೆಯೂ ಸಾಯುತ್ತದೆ. ಹೊದಿಕೆ, ದಿಂಬಿನ ಕವರು, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿಡು. ಕಬ್ಬಿಣದ ಮಂಚವಾದರೆ ಕೀಲು ಕೀಲಿಗೂ ಕುದಿಯುವ ನೀರು ಹುಯ್ಯಬೇಕು, ಕೈಕಾಲು ಜೋಪಾನ. ಮರದ್ದಾದರೆ ಬಿರುಕಿಗೆ ಸ್ಟೀಮರಿನ ಹಬೆ. ಹಾಸಿಗೆಯನ್ನು ಸುಮ್ನೆ ಬಿಸಿಲಿಗಿಟ್ಟರೆ ಒಳಗೆ ಬಿಸಿ ಏರುವುದಿಲ್ಲ, ಬೆಂಗಳೂರಿನ ಬಿಸಿಲಿಗಂತೂ ಇಲ್ಲ. ಕಪ್ಪು ಪ್ಲಾಸ್ಟಿಕ್ ಹಾಳೆ ಸುತ್ತಿ ತಾರಸಿ ಮೇಲೆ ಇಡೀ ದಿನ ಹಾಕಿದರೂ ಪೂರ್ತಿ ನಂಬಬೇಡ, ಬಿಸಿ ತಾಗದ ಕಡೆ ಕೆಲವು ಉಳಿಯಬಹುದು. ಮೊಟ್ಟೆ ಒಂದು ವಾರ ಹತ್ತು ದಿನಕ್ಕೆ ಒಡೆಯುತ್ತದೆ, ಆದ್ದರಿಂದ ಒಂದು ತಿಂಗಳು ವಾರವಾರವೂ ಮಾಡಬೇಕು. ಪಿಜಿ ನಡೆಸುವವರಿಗೆ ಇವತ್ತೇ ಹೇಳು. ನಿನ್ನ ಮಂಚ ಒಂದನ್ನೇ ಶುಚಿ ಮಾಡಿದರೆ ಪಕ್ಕದ ಮಂಚದಿಂದ ವಾಪಸ್ ಬರುತ್ತವೆ. ಊರಿಗೆ ಹೋಗುವಾಗ ಬ್ಯಾಗನ್ನು ಮನೆಯೊಳಗೆ ಒಯ್ಯದೆ ಅಂಗಳದಲ್ಲೇ ಬಿಚ್ಚು.

ಪ್ರಶ್ನೆ: ಅಟ್ಟದಲ್ಲಿ ಇಲಿ. ಪುದೀನ ಎಣ್ಣೆ ಇಟ್ಟೆವು, ಹೋಗಲಿಲ್ಲ. ಪೇಸ್ಟ್ ತರುವುದೇ?
— ಓದುಗರು, ದಾವಣಗೆರೆ

ಉತ್ತರ: ಪೇಸ್ಟ್ ಮಾತ್ರ ತರಬೇಡಿ, ಕೈಮುಗಿದು ಕೇಳುತ್ತೇನೆ. ಟ್ಯೂಬಿನಲ್ಲಿ ಬರುವ ಆ ಇಲಿ ಪಾಷಾಣದಲ್ಲಿ ಹಳದಿ ರಂಜಕ ಇರುತ್ತದೆ. ಸ್ವಲ್ಪ ಹೊಟ್ಟೆಗೆ ಹೋದರೂ ಲಿವರ್ ಹಾಳಾಗುತ್ತದೆ, ಅದಕ್ಕೆ ಪ್ರತಿಮದ್ದೇ ಇಲ್ಲ. ಅಂಥದ್ದನ್ನು ಮನೆಯ ಗೂಡಿನಲ್ಲಿ ಇಟ್ಟುಕೊಳ್ಳುವುದೇ ಬೇಡ.

ಪುದೀನ ವಾಸನೆಗೆ ಇಲಿ ಎರಡು ದಿನದಲ್ಲಿ ಒಗ್ಗಿಕೊಳ್ಳುತ್ತದೆ. ಸುಂಡಿಲಿಗೆ ಪೆನ್ಸಿಲ್ ತೂರುವಷ್ಟು ಸಂದು ಸಾಕು, ದೊಡ್ಡ ಇಲಿಗೆ ಹೆಬ್ಬೆರಳು ತೂರುವಷ್ಟು. ರಾತ್ರಿ ಒಳಗೆ ದೀಪ ಹಾಕಿ ಹೊರಗೆ ನಿಂತು ನೋಡಿ, ಬೆಳಕು ಎಲ್ಲೆಲ್ಲಿ ಸೋರುತ್ತದೋ ಅದೇ ಅದರ ಬಾಗಿಲು. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ತುರುಕಿ ಮೇಲೆ ಸಿಮೆಂಟು ಬಳಿಯಿರಿ, ಸ್ಟೀಲನ್ನು ಕಡಿಯಲಾರದು. ಒಳಗೆ ಉಳಿದವಕ್ಕೆ ಬೋನು. ಇಲಿಗೆ ಹೊಸ ವಸ್ತು ಅಂದರೆ ಅನುಮಾನ, ಅದಕ್ಕೇ ಮೊದಲ ಮೂರು ದಿನ ಬೋನಿನ ಬಾಗಿಲು ಬಿಗಿಯದೆ ಒಳಗೆ ಸುಟ್ಟ ಕೊಬ್ಬರಿ, ಈರುಳ್ಳಿ ಬಜ್ಜಿ ಚೂರು ಹಾಗೇ ಇಡಿ, ತಿಂದು ಹೋಗಲಿ. ನಾಲ್ಕನೇ ದಿನ ಬಿಗಿಯಿರಿ. ಅಂಟಿನ ಹಲಗೆ ಬೇಡ, ಪ್ರಾಣಿ ಎರಡು ದಿನ ಒದ್ದಾಡಿ ಸಾಯುತ್ತದೆ, ಹಲ್ಲಿ, ಗುಬ್ಬಚ್ಚಿಯೂ ಸಿಕ್ಕಿಕೊಳ್ಳುತ್ತವೆ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ಬ್ಲೀಚಿಂಗ್ ನೀರು ಚಿಮುಕಿಸಿ ಒದ್ದೆ ಮಾಡಿ, ಗ್ಲೌಸ್ ಹಾಕಿ ತೆಗೆಯಿರಿ. ಇಲಿಜ್ವರ ಬರುವುದು ಇಲಿ ಮೂತ್ರ ಬಿದ್ದ ಒದ್ದೆಯಿಂದ, ಕಾಲಿನಲ್ಲಿ ಗಾಯ ಇದ್ದರಂತೂ ಇನ್ನೂ ಜೋಪಾನ.

ಪ್ರಶ್ನೆ: ಬಾಣಂತನಕ್ಕೆ ಮಗಳು ಬರುತ್ತಿದ್ದಾಳೆ. ಹಳೇ ಮಗುವಿನ ಬಟ್ಟೆ, ರೇಷ್ಮೆ ಸೀರೆ ಎಲ್ಲ ನುಸಿಗುಳಿಗೆ ಹಾಕಿಟ್ಟಿದ್ದೇನೆ. ವಾಸನೆ ಹೋಗುವುದು ಹೇಗೆ?
— ತಾಯಿ, ಮಂಡ್ಯ

ಉತ್ತರ: ಆ ಬಟ್ಟೆಗಳನ್ನು ಹಾಗೇ ಕೂಸಿಗೆ ಹಾಕಬೇಡಿ. ನುಸಿಗುಳಿಗೆ ಅಂದರೆ ಹೆಚ್ಚಾಗಿ ನ್ಯಾಫ್ತಲೀನ್. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಕಿಣ್ವದ ಕೊರತೆ ಇರುತ್ತದೆ. ಅಂಥ ಕೂಸಿಗೆ ಈ ವಾಸನೆ ಹಿಡಿದ ಬಟ್ಟೆ ಸುತ್ತಿದರೂ ರಕ್ತಕಣ ಒಡೆದು ಕಾಮಾಲೆ ಜೋರಾಗಬಹುದು. ನಿಮ್ಮ ಮೊಮ್ಮಗುವಿಗೆ ಇದೆಯೋ ಇಲ್ಲವೋ ಮೊದಲೇ ತಿಳಿಯುವುದಿಲ್ಲ ಅಲ್ವಾ? ಹೊಸ ಹತ್ತಿ ಬಟ್ಟೆ ನಾಲ್ಕು ತನ್ನಿ, ಒಗೆದು ಬಿಸಿಲಲ್ಲಿ ಒಣಗಿಸಿ ಇಡಿ. ಬಾಣಂತಿ ಕೋಣೆಯ ಬೀರುವಿನಿಂದ ಗುಳಿಗೆ ಪೂರ್ತಿ ತೆಗೆದು ಒಂದು ವಾರ ಬಾಗಿಲು ತೆರೆದಿಡಿ.

ರೇಷ್ಮೆಗೆ ಹುಳು ಬೀಳುವುದು ಹೆಚ್ಚಾಗಿ ಬೆವರು, ಊಟದ ಕಲೆ ಇರುವ ಕಡೆ. ಉಟ್ಟ ಸೀರೆಯನ್ನು ನೆರಳಲ್ಲಿ ಆರಿಸಿ, ಹಳೇ ಮೆತ್ತನೆ ಪಂಚೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ. ಲಾವಂಚದ ಬೇರು, ಒಣಗಿದ ಬೇವು ಅಥವಾ ಲಕ್ಕಿ ಎಲೆಯನ್ನು ಬಟ್ಟೆಯ ಗಂಟು ಕಟ್ಟಿ ಇಡಿ, ಜರಿಗೆ ತಾಗದಿರಲಿ. ನುಸಿಗುಳಿಗೆ ಬದಲು ಕರ್ಪೂರ ಇಡುತ್ತೇನೆ ಅನ್ನುವವರು ಬಹಳ ಜನ. ಅದೂ ಮಕ್ಕಳು ನುಂಗಿದರೆ ಫಿಟ್ಸ್ ತರುತ್ತದೆ. ಮಗು ಅಂಬೆಗಾಲಿಡುವ ಹೊತ್ತಿಗೆ ದೇವರಮನೆಯ ಕರ್ಪೂರದ ಡಬ್ಬಿಯನ್ನೂ ಮೇಲಿನ ಗೂಡಿಗೆ ಏರಿಸಿ.

ಪ್ರಶ್ನೆ: ಹಲ್ಲಿ ಓಡಿಸಲು ಮೊಟ್ಟೆ ಚಿಪ್ಪು ಇಟ್ಟರೆ ಆಗುತ್ತದೆಯೇ?
— ಓದುಗರು, ಕೋಲಾರ

ಉತ್ತರ: ಆಗುವುದಿಲ್ಲ, ನಮ್ಮ ಮನೆಯಲ್ಲೇ ಚಿಪ್ಪಿನ ಪಕ್ಕ ಹಲ್ಲಿ ಕೂತದ್ದು ನೋಡಿದ್ದೇನೆ. ಓಡಿಸುವುದಾದರೂ ಯಾಕೆ? ನೀವು ಇಷ್ಟೆಲ್ಲ ಕಷ್ಟಪಟ್ಟು ಹಿಡಿಯುವ ಸೊಳ್ಳೆ, ಜಿರಳೆ ಮರಿ, ದೀಪದ ಹುಳು ಎಲ್ಲವನ್ನೂ ಅದು ರಾತ್ರಿಯೆಲ್ಲ ಹಿಡಿದು ತಿನ್ನುತ್ತಿದೆ. ಮನೆ ಹಲ್ಲಿಗೆ ವಿಷ ಇಲ್ಲ. ಹಾಲಿಗೋ ಸಾರಿಗೋ ಬಿದ್ದರೆ ಮಾತ್ರ ಚೆಲ್ಲಿಬಿಡಿ, ಅದರ ಮೈಯಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಪಾತ್ರೆಗಳಿಗೆ ಮುಚ್ಚಳ ಇಡಿ, ಒಲೆಯ ಮೇಲಿನ ಟ್ಯೂಬ್‌ಲೈಟನ್ನು ಬೇರೆ ಗೋಡೆಗೆ ಹಾಕಿಸಿ. ಬೆಳಕಿನ ಹುಳು ಆ ಕಡೆ ಹೋದರೆ ಹಲ್ಲಿಯೂ ಆ ಕಡೆಯೇ ಹೋಗುತ್ತದೆ.